ಶುಕ್ರವಾರದ ಕಂತು

ಅಕ್ಕನ ಮನೆಯಿಂದ ಶುಕ್ರವಾರ ದುಡ್ಡು ಹೊರಗೆ ಹೋಗುತ್ತಿರಲಿಲ್ಲ. ದುಡ್ಡಷ್ಟೇ ಅಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ ಯಾವುದೂ ಹೊಸ್ತಿಲು ದಾಟುವಂತಿರಲಿಲ್ಲ. ಒಂದು ಶುಕ್ರವಾರ ಆಫೀಸಿನಿಂದ ಬರುತ್ತ ಮಕ್ಕಳನ್ನು ಕರೆದುಕೊಳ್ಳಲು ಹೋದಾಗ, ಹಾಲು ಹೆಪ್ಪು ಹಾಕಲು ಒಂದು ಚಮಚ ಮೊಸರು ಕೇಳಿದೆ.

"ಈಗ ಕೇಳ್ಬೇಡ ಮಾರಾಯ್ತಿ. ನಾಳೆ ಬಾ, ಡಬ್ಬಿ ತುಂಬ ಕೊಡ್ತೇನೆ" ಎಂದರು.

ಆಗ ಏಳು ವರ್ಷದವಳಾಗಿದ್ದ ನನ್ನ ಮಗಳು ಶೂ ಹಾಕಿಕೊಳ್ಳುತ್ತ ನನ್ನನ್ನೇ ಗದರಿದಳು: "ಅಮ್ಮಾ, ಇಟ್ಸ್ ಫ್ರೈಡೇ! ಯು ನೋ ದಿ ರೂಲ್."

ನನಗೆ ಗೊತ್ತಿರದ ರೂಲೇನಲ್ಲ. ಹುಬ್ಬಳ್ಳಿಯಲ್ಲಿ ನಮ್ಮವ್ವನೂ ಹೀಗೆಯೇ ಇದ್ದಳು. ಶುಕ್ರವಾರ ಹಾಲಿನವನು ತಿಂಗಳ ಲೆಕ್ಕಕ್ಕೆ ಬಂದರೆ ಮರುದಿನ ಬಾ ಎಂದು ಕಳಿಸುತ್ತಿದ್ದಳು. ಮನೆಯ ಲಕ್ಷ್ಮಿಯನ್ನು ಅವಳದೇ ವಾರದಂದು ಹೊರಗೆ ಅಟ್ಟಬಾರದು ಎಂಬುದು ಅವಳ ವಾದ. ನಾನು ಓದಿದವಳು, ಇಂಥದನ್ನೆಲ್ಲ ಊರಲ್ಲೇ ಬಿಟ್ಟು ಬಂದವಳು ಎಂದು ನನಗೆ ಹೆಮ್ಮೆಯಿತ್ತು. ಆ ಓದಿದವಳು ಓದಬೇಕಾದ ಒಂದು ಕಾಗದವನ್ನು ಓದಲಿಲ್ಲ. ಮುಂದಿನದೆಲ್ಲ ಅದರಿಂದಲೇ ಆಯಿತು.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಉಡುಪಿ ಕಡೆಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಅವರ ಯಜಮಾನರು ಸ್ಯಾನ್ ಹೊಸೆಯ ಒಂದು ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ ಬಿಲ್ ಮಾಡುತ್ತಿದ್ದರು. ನನ್ನ ಮಗ ಇನ್ನೂ ಹೊಟ್ಟೆಯಲ್ಲಿದ್ದಾಗ, ಕೊತ್ತಂಬರಿ ಕಟ್ಟು ತೂಗುತ್ತ, "ನಮ್ಮ ಮನೆಯವಳು ಮಕ್ಕಳನ್ನು ನೋಡಿಕೊಳ್ತಾಳೆ, ಬೇಕಾದ್ರೆ ಹೇಳಿ" ಎಂದರು. ಆವತ್ತಿನಿಂದ ಹನ್ನೊಂದು ವರ್ಷ ನನ್ನ ಇಬ್ಬರು ಮಕ್ಕಳು ಬೆಳೆದದ್ದು ಅಕ್ಕನ ಮನೆಯಲ್ಲಿ. ನಾನು ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಮೀಟಿಂಗಿನಿಂದ ಮೀಟಿಂಗಿಗೆ ಓಡುವಾಗ, ಅವರು ಮಕ್ಕಳಿಗೆ ನೀರುದೋಸೆ ಹಾಕಿ ಕೊಡುತ್ತಿದ್ದರು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದರು. ಡೇಕೇರಿನಲ್ಲಿ ಆರು ಗಂಟೆ ದಾಟಿದರೆ ನಿಮಿಷಕ್ಕಿಷ್ಟು ಎಂದು ದಂಡ ಹಾಕುತ್ತಾರೆ. ಅಕ್ಕನ ಮನೆಗೆ ನಾನು ಎಷ್ಟು ತಡವಾಗಿ ಹೋದರೂ, "ನೀನೂ ಎರಡು ತುತ್ತು ಉಂಡು ಹೋಗು" ಎಂಬ ಮಾತು ಬಿಟ್ಟರೆ ಬೇರೆ ಬರುತ್ತಿರಲಿಲ್ಲ.

ಅವರದು ಮೊಬೈಲ್ ಹೋಮು. ನಮ್ಮವರಲ್ಲಿ ಕೆಲವರು ಆ ಹೆಸರು ಕೇಳಿದರೆ ಮೂಗು ಮುರಿಯುತ್ತಾರೆ, ಚಕ್ರದ ಮೇಲಿನ ಮನೆ ಎಂದು. ಕಾರ್ಖಾನೆಯಲ್ಲಿ ಎರಡು ಹೋಳು ಮಾಡಿ ಕಟ್ಟಿ, ಲಾರಿಯ ಮೇಲೆ ತಂದು ಜೋಡಿಸಿ ಕೂರಿಸಿದ ಮನೆ ಅದು. ಒಮ್ಮೆ ಕೂರಿಸಿದ ಮೇಲೆ ಎಲ್ಲಿಗೂ ಹೋಗುವುದಿಲ್ಲ. ಮೂರು ಕೋಣೆ, ಮುಂದೆ ಸಣ್ಣ ಜಗಲಿ, ಜಗಲಿಯ ತುದಿಯಲ್ಲಿ ಡ್ರಮ್ಮಿನೊಳಗೆ ಬೆಳೆಸಿದ ಕರಿಬೇವಿನ ಗಿಡ, ಹಿಂದೆ ಫ್ರೀವೇಯ ಗೋಡೆ. ಮನೆ ಅವರದು, ಅದು ನಿಂತ ನೆಲ ಪಾರ್ಕಿನವರದು; ಇಂಥ ಮನೆಗಳ ಬಡಾವಣೆಗೆ ಇಲ್ಲಿ ಪಾರ್ಕು ಎನ್ನುತ್ತಾರೆ. ಹಾಗಾಗಿ ತಿಂಗಳಿಗೆ ಎರಡು ಕಡೆ ಕಟ್ಟಬೇಕು: ನೆಲದ ಬಾಡಿಗೆ ಪಾರ್ಕಿನ ಆಫೀಸಿಗೆ, ಮನೆಯ ಸಾಲದ ಕಂತು ಸಾಲ ಕೊಟ್ಟ ಕಂಪನಿಗೆ. ನೆಲ ಜೊತೆಗಿಲ್ಲದ್ದರಿಂದ ಈ ಸಾಲದ ಬಡ್ಡಿಯೂ ಹೆಚ್ಚು, ಕಂತು ತಪ್ಪಿದರೆ ಮನೆ ಕೈಬಿಡುವುದೂ ಬೇಗ. ಇದನ್ನೆಲ್ಲ ಈಗ ಹೀಗೆ ಸರಾಗ ಬರೆಯುತ್ತಿದ್ದೇನೆ. ಆಗ ನನಗೆ ಇದರ ಕಾಲುಭಾಗವೂ ಗೊತ್ತಿರಲಿಲ್ಲ, ಗೊತ್ತಿದೆ ಎಂದುಕೊಂಡಿದ್ದೆ.

ಅಕ್ಕನ ಯಜಮಾನರು ಒಂದು ಬೆಳಿಗ್ಗೆ ಅಂಗಡಿಗೆ ಹೊರಟವರು ಜಗಲಿಯಲ್ಲೇ ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಮಕ್ಕಳಿಲ್ಲದ ಮನೆ. ಹದಿಮೂರನೆಯ ದಿನದ ಊಟ ಆದ ಮೇಲೆ ಅಕ್ಕ ಒಳಗಿನಿಂದ ಒಂದು ಗಂಟು ತಂದು ನನ್ನ ಮಡಿಲಿಗೆ ಹಾಕಿದರು. ಹಸಿರು ಕುಪ್ಪಸದ ಕಣದಲ್ಲಿ ಸುತ್ತಿದ ಮನೆ ಸಾಲದ ಕಾಗದಗಳು. ಮನೆ ಕೊಂಡ ದಿನ ಯಜಮಾನರು ನಾಲ್ಕೂ ಮೂಲೆಗೆ ಹಚ್ಚಿದ್ದ ಕುಂಕುಮ ಇನ್ನೂ ಹಾಗೇ ಇತ್ತು. ಆ ಗಂಟು ಇಷ್ಟು ದಿನ ದೇವರ ಗೂಡಿನಲ್ಲಿ, ಸ್ನಾನ ಮಾಡದೆ ಮುಟ್ಟುವಂತಿಲ್ಲದ ಜಾಗದಲ್ಲಿತ್ತು.

"ಎಲ್ಲ ಅವರೇ ನೋಡ್ತಿದ್ರು. ನಂಗೆ ಇಂಗ್ಲಿಷ್ ಕಾಗದ ಅಂದ್ರೆ ಹೆದರಿಕೆ. ಎಂತ ಬರ್ದಿದ್ದಾರೆ ಓದಿ ಹೇಳ್ತೀಯಾ?"

"ನೀವೇನ್ ಚಿಂತಿ ಮಾಡಬ್ಯಾಡ್ರಿ ಅಕ್ಕಾ. ನಾ ನೋಡ್ಕೋತೀನಿ" ಎಂದೆ.

ನಮ್ಮ ಗೆಳೆಯರ ಬಳಗದಲ್ಲಿ ಅರ್ಜಿ ತುಂಬುವವಳು ನಾನೇ. ವೀಸಾ, ಇನ್ಶೂರೆನ್ಸು, ಸ್ಕೂಲು ಅಡ್ಮಿಶನ್ನು, ಯಾರಿಗೆ ಯಾವ ಕಾಗದ ಬಂದರೂ ನನ್ನ ಹತ್ತಿರ ಬರುತ್ತದೆ. ಬರಲಿ ಎಂದು ನನಗೂ ಒಳಗೊಳಗೆ ಆಸೆ. ಆ ಗಂಟನ್ನು ಮನೆಗೆ ತಂದು, ಅರವತ್ತು ಚಿಲ್ಲರೆ ಪುಟಗಳಲ್ಲಿ ಮೊದಲ ಮೂರು ಓದಿ, ಉಳಿದವನ್ನು ಇಸ್ಪೀಟಿನ ಎಲೆಯ ಹಾಗೆ ಸರ್ರನೆ ತಿರುವಿ ಹಾಕಿದೆ. ಸಾಲದ ಕಾಗದಗಳು ಎಲ್ಲ ಕಡೆ ಒಂದೇ ಥರ ಎಂದು ನಂಬಿಕೊಂಡಿದ್ದೆ. ಮಾರನೆಯ ದಿನ ಫೋನ್ ಮಾಡಿ ಹೇಳಿದೆ: "ಎಲ್ಲಾ ಓದೀನ್ರಿ ಅಕ್ಕಾ. ಏನೂ ತೊಂದ್ರಿ ಇಲ್ಲ. ತಿಂಗಳ ಹದಿನೈದರೊಳಗ ಕಟ್ಟಿದ್ರ ಸಾಕು."

ಎರಡೂ ಸುಳ್ಳು. ನಾನು ಓದಿರಲಿಲ್ಲ, ಮತ್ತು ಹದಿನೈದು ಗಡುವಲ್ಲ. ಗಡುವು ಒಂದನೇ ತಾರೀಕು. ಹದಿನೈದರವರೆಗೆ ದಂಡ ಹಾಕುವುದಿಲ್ಲ, ಅಷ್ಟೇ.

ಕಂತು ತಾನಾಗಿಯೇ ಕಟ್ಟಿಕೊಳ್ಳುವಂತೆ ಆಟೋ-ಪೇ ಹಾಕೋಣ ಎಂದೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಆ ತಾರೀಕು ಶುಕ್ರವಾರ ಬಂದ್ರೆ?"

ಕಂಪ್ಯೂಟರಿಗೆ ಶುಕ್ರವಾರ ಗೊತ್ತಾಗುವುದಿಲ್ಲ ಎಂದು ನಕ್ಕೆ. ಅವರು ನಗಲಿಲ್ಲ. "ಇವರು ಇಪ್ಪತ್ತು ವರ್ಷ ಇಲ್ಲಿದ್ರು, ಒಂದು ಶುಕ್ರವಾರವೂ ದುಡ್ಡು ಹೊರಗೆ ಕೊಟ್ಟವರಲ್ಲ" ಎಂದರು. ಸರಿ, ಆಟೋ-ಪೇ ಬೇಡ, ಪ್ರತಿ ತಿಂಗಳು ನಾನೇ ಫೋನಿನಲ್ಲಿ ಒತ್ತುತ್ತೇನೆ ಎಂದೆ. ದುಡ್ಡು ಅವರ ಬ್ಯಾಂಕಿನ ಖಾತೆಯದು, ಬೆರಳು ನನ್ನದು. ಇಂಗ್ಲಿಷ್ ಪತ್ರಗಳು ಅವರನ್ನು ಹೆದರಿಸದಿರಲಿ ಎಂದು ಅಂಚೆಯಲ್ಲಿ ಬರುವುದನ್ನೂ ನಿಲ್ಲಿಸಿ, ಎಲ್ಲವೂ ನನ್ನ ಈಮೇಲಿಗೆ ಬರುವಂತೆ ಮಾಡಿದೆ. ಆವತ್ತು ಎಂಥ ಉಪಕಾರ ಮಾಡಿದೆ ಎಂದು ಬೀಗುತ್ತ ಮನೆಗೆ ಬಂದದ್ದು ನೆನಪಿದೆ. ಅವರ ಮನೆಯ ಕಣ್ಣು ಕಿವಿ ಎರಡನ್ನೂ ಕಿತ್ತು ನನ್ನ ಜೇಬಿಗೆ ಹಾಕಿಕೊಂಡಿದ್ದೆ.

ಎರಡು ವರ್ಷ ಸಲೀಸಾಗಿ ನಡೆಯಿತು. ತಿಂಗಳ ಮೊದಲ ವಾರ ಅಕ್ಕನ ಫೋನು ಬರುತ್ತಿತ್ತು: "ಇವತ್ತು ಬುಧವಾರ, ಒಳ್ಳೆ ದಿನ. ಒತ್ತು." ನಾನು ಒತ್ತುತ್ತಿದ್ದೆ. ಮೊತ್ತವನ್ನು ನೋಡುತ್ತಿರಲಿಲ್ಲ. ಹಿಂದಿನ ತಿಂಗಳು ಹೊಡೆದದ್ದೇ ಪರದೆಯ ಮೇಲೆ ತಾನಾಗಿ ಬರುತ್ತಿತ್ತು.

ಕಳೆದ ವರ್ಷ ಮೇ ತಿಂಗಳಲ್ಲಿ ಒಂದು ಈಮೇಲು ಬಂತು. ಮನೆಯ ವಿಮೆಯ ಕಂತು ಏರಿದೆ, ವಿಮೆ ಮತ್ತು ತೆರಿಗೆಯ ಹಣವನ್ನು ಸಾಲದ ಕಂತಿನ ಜೊತೆಯೇ ವಸೂಲಿ ಮಾಡುವುದರಿಂದ ಜೂನ್‌ನಿಂದ ಒಟ್ಟು ಮೊತ್ತ ಮೂವತ್ತೆಂಟು ಡಾಲರ್ ಹೆಚ್ಚು, ಎಂದು ಅದರಲ್ಲಿತ್ತು. ಹಾಗೆ ಇತ್ತು ಎಂಬುದು ನನಗೆ ತಿಳಿದದ್ದು ಅಕ್ಟೋಬರಿನಲ್ಲಿ. ಮೇ ತಿಂಗಳಲ್ಲಿ ನಾನು ಒಂದು ಮೀಟಿಂಗಿನಲ್ಲಿ ಕೂತಿದ್ದೆ, ಫೋನಿನ ಮೇಲೆ ಆ ಕಂಪನಿಯ ಹೆಸರು ಕಂಡಿತು, ಆಮೇಲೆ ನೋಡೋಣ ಎಂದು ಸರಿಸಿದೆ. ಆಮೇಲೆ ಎಂಬುದು ಬರಲಿಲ್ಲ. ಜೂನಿನಲ್ಲಿ ಹಳೆಯ ಮೊತ್ತವನ್ನೇ ಒತ್ತಿದೆ. ಜುಲೈಯಲ್ಲೂ ಅದನ್ನೇ.

ಆಗಸ್ಟಿನಲ್ಲಿ ಅಕ್ಕನಿಗೆ ಜ್ವರ, ಅವರ ಫೋನು ಬರಲಿಲ್ಲ. ನಾನೂ ಮರೆತೆ. ಮಗಳನ್ನು ಕಾಲೇಜಿಗೆ ಬಿಡುವ ಗಡಿಬಿಡಿ ಎಂದು ಈಗ ಕಾರಣ ಕೊಡಬಹುದು, ಆದರೆ ಆ ಹದಿನೈದು ದಿನಗಳಲ್ಲಿ ನಾನು ಎರಡು ಸಿನಿಮಾ ನೋಡಿದ್ದೆ. ಹದಿನೈದನೇ ತಾರೀಕು ಸಂಜೆ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ತೆಗೆಯುವಾಗ ನೆನಪಾಯಿತು. ಆವತ್ತು ಶುಕ್ರವಾರ. ಕೇಳದೆ ಒತ್ತಿಬಿಡಬಹುದಿತ್ತು. ಆದರೆ ಮರೆತದ್ದಕ್ಕೆ ಅಳುಕಿತ್ತು, ಫೋನ್ ಮಾಡಿದೆ.

"ಅಯ್ಯೋ, ಇವತ್ತು ಶುಕ್ರವಾರ ಅಲ್ವಾ? ಈಗಷ್ಟೇ ದೀಪ ಇಟ್ಟೆ ಮಾರಾಯ್ತಿ. ನಾಳೆ ಮಾಡಿದ್ರೆ ಆಗುದಿಲ್ವಾ?"

"ಆಗ್ತದ್ರಿ ಅಕ್ಕಾ. ಒಂದ್ ದಿನಕ್ಕೇನಾಗ್ತದ?" ಎಂದೆ.

ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ತಡವಾದದ್ದು ಇನ್ನು ನನ್ನ ಮರೆವಿನಿಂದಲ್ಲ, ಅವರ ಶುಕ್ರವಾರದಿಂದ. ಶನಿವಾರ ಒತ್ತಿದೆ, ಹಳೆಯ ಮೊತ್ತವನ್ನೇ. ಅದು ಕಂಪನಿಯ ಲೆಕ್ಕಕ್ಕೆ ಸೇರಿದ್ದು ಸೋಮವಾರ. ಸೆಪ್ಟೆಂಬರಿನಲ್ಲೂ ಹಾಗೇ ಒತ್ತಿ ಸುಮ್ಮನಾದೆ.

ಅಕ್ಟೋಬರಿನ ಒಂದು ಮಧ್ಯಾಹ್ನ ಅಕ್ಕನ ಮನೆಗೆ ರಿಜಿಸ್ಟರ್ಡ್ ಪತ್ರ ಬಂತು. ಇಂಥದನ್ನು ಈಮೇಲಿನಲ್ಲಿ ಕಳಿಸಿ ಕೈ ತೊಳೆದುಕೊಳ್ಳುವಂತಿಲ್ಲ, ಅಂಚೆಯಲ್ಲೇ ಬರಬೇಕು. ಸಹಿ ಹಾಕಿ ತೆಗೆದುಕೊಂಡ ಅಕ್ಕ ಅದನ್ನು ಒಡೆಯದೆ ದೇವರ ಮುಂದಿಟ್ಟು ನನಗೆ ಫೋನ್ ಮಾಡಿದರು. ನಾನು ಹೋದಾಗ ಮೇಲೊಂದು ದಾಸವಾಳವೂ ಇತ್ತು. ಹೂವನ್ನು ಪಕ್ಕಕ್ಕಿಟ್ಟು ಒಡೆದೆ. ಕಂತು ತಪ್ಪಿದೆ, ನಲವತ್ತೈದು ದಿನಗಳೊಳಗೆ ಬಾಕಿ, ದಂಡ, ನೋಟಿಸಿನ ಖರ್ಚು ಪೂರ್ತಿ ತೀರಿಸದಿದ್ದರೆ ಮನೆಯನ್ನು ವಶಕ್ಕೆ ತೆಗೆದುಕೊಂಡು ಮಾರುತ್ತೇವೆ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಜೂನ್‌ನಿಂದ ಪ್ರತಿ ತಿಂಗಳು ಎಷ್ಟು ಕಡಿಮೆ ಬಂದಿದೆ ಎಂಬ ಪಟ್ಟಿ. ಮೂವತ್ತೆಂಟು, ಮೂವತ್ತೆಂಟು, ಮೂವತ್ತೆಂಟು, ಮೂವತ್ತೆಂಟು.

"ಎಂತ ಬರ್ದಿದ್ದಾರೆ?"

"ಕಂತಿಂದು ಏನೋ ಲೇಟ್ ಆಗೇತಂತ್ರಿ" ಎಂದೆ.

ಅಕ್ಕ ಸೆರಗಿನ ತುದಿ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕಿದರು. ಆಮೇಲೆ, "ಆ ಶುಕ್ರವಾರ. ನೀನು ಕಟ್ತೇನೆ ಅಂದಿ, ನಾನು ಬೇಡ ಅಂದೆ. ಅದಕ್ಕೇ ಅಲ್ವಾ?" ಎಂದು ಕೇಳಿದರು.

ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಅದು ಒಂದು ತಿಂಗಳ ದಂಡ ಮಾತ್ರ, ಮನೆಯನ್ನು ಇಲ್ಲಿಗೆ ತಂದದ್ದು ನನ್ನ ಬೆರಳು, ಎನ್ನಬೇಕಿತ್ತು. ನಾನು ಕಾಗದ ಮಡಚುತ್ತ, "ಹೂಂರಿ, ಅದೂ ಒಂದ್ ಕಾರಣ" ಎಂದೆ.

ಅದೂ ಒಂದು ಕಾರಣ! ಎಷ್ಟು ನಯವಾಗಿ ಬಂತು ಆ ಮಾತು. ಅಕ್ಕ ಹೋಗಿ ದೇವರ ಗೂಡಿನ ಮುಂದೆ ನೆಲದ ಮೇಲೆ ಕೂತುಬಿಟ್ಟರು. "ಇವರು ಕಟ್ಟಿದ ಮನೆ ನನ್ನ ಮೂಢತನದಿಂದ ಹೋಗ್ತದಾ?" ಎಂದರು. ಹೋಗುವುದಿಲ್ಲ, ನಾನಿದ್ದೇನೆ ಎಂದೆ. ಆ ಸ್ಥಿತಿಯಲ್ಲೂ ನಾನು ಕಾಪಾಡುವವಳೇ ಆಗಿದ್ದೆ.

ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ತಾಳ್ಮೆಯಿಂದ, ಮಗುವಿಗೆ ಹೇಳುವಂತೆ ಹೇಳಿದಳು. ಪೂರ್ತಿ ಮೊತ್ತ ಬರದಿದ್ದರೆ ಅದನ್ನು ಕಂತೆಂದು ಪರಿಗಣಿಸುವುದಿಲ್ಲ, ಬೇರೆ ಖಾತೆಯಲ್ಲಿ ತೆಗೆದಿಡುತ್ತೇವೆ. ಮುಂದಿನ ತಿಂಗಳ ಹಣ ಬಂದಾಗ ಎರಡನ್ನೂ ಕೂಡಿಸಿ ಹಳೆಯ ಕಂತಿಗೆ ಹಾಕುತ್ತೇವೆ. ಹೀಗಾಗಿ ಜೂನಿನ ಕಂತು ತುಂಬಿದ್ದು ಜುಲೈಯಲ್ಲಿ, ಜುಲೈಯದು ಆಗಸ್ಟಿನಲ್ಲಿ. ಪ್ರತಿ ತಿಂಗಳೂ ಒಂದು ತಿಂಗಳು ಹಿಂದೆ, ಪ್ರತಿ ತಿಂಗಳೂ ದಂಡ. ಮೂವತ್ತೆಂಟು ಡಾಲರಿಗೆ ಸಾವಿರದ ನೂರ ನಲವತ್ತೆರಡು ಡಾಲರನ್ನು ಕಟ್ಟೇ ಇಲ್ಲ ಎನ್ನುತ್ತೀರಾ ಎಂದು ರೇಗಿದೆ. "ಪುಟ ಇಪ್ಪತ್ತೆರಡು ನೋಡಿ ಮ್ಯಾಮ್" ಎಂದಳು. ಇಪ್ಪತ್ತೆರಡನೆಯ ಪುಟ ಹಸಿರು ಕಣದೊಳಗೆ ನನ್ನ ಬೀರುವಿನಲ್ಲಿತ್ತು. ಅದರ ಮೂಲೆಗೆ ಕುಂಕುಮ ಇಳಿದು ಗುಲಾಬಿ ಕಲೆಯಾಗಿತ್ತು. ಅವಳು ಹೇಳಿದ್ದೇ ಅಲ್ಲಿತ್ತು, ಒಂದು ಪದವೂ ಹೆಚ್ಚುಕಡಿಮೆ ಇಲ್ಲ.

ಆಗಲೇ ಪೂರ್ತಿ ಬಾಕಿ ಕಟ್ಟಿಬಿಟ್ಟಿದ್ದರೆ ವಾರದಲ್ಲಿ ಮುಗಿಯುತ್ತಿತ್ತು. ಆದರೆ ನನಗೆ ಸಿಟ್ಟು. ಸಿಟ್ಟು ನನ್ನ ಮೇಲೆಯೇ ಬರಬೇಕಿತ್ತು, ಬಂದದ್ದು ಕಂಪನಿಯ ಮೇಲೆ. ಮೊದಲು ಅಕ್ಟೋಬರಿನ ಕಂತು ಮಾತ್ರ ಒತ್ತಿದೆ. ನೋಟಿಸು ಹೋದ ಮೇಲೆ ಪೂರ್ತಿ ಅಲ್ಲದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ಅದು ವಾಪಸು ಬಂತು. ಆಮೇಲೆ ದಂಡ ಮಾಫಿ ಮಾಡಿ ಎಂದು ದೊಡ್ಡ ಪತ್ರ ಬರೆದೆ. ವಿಧವೆ, ಹಿರಿಯ ನಾಗರಿಕಳು, ಎರಡು ವರ್ಷ ಒಂದು ದಿನವೂ ತಪ್ಪಿಲ್ಲ ಎಂದೆಲ್ಲ. ಯಾರು ತಪ್ಪಿಸಿದರು ಎಂಬುದೊಂದನ್ನು ಬಿಟ್ಟು ಎಲ್ಲವೂ ಆ ಪತ್ರದಲ್ಲಿತ್ತು. ಉತ್ತರಕ್ಕೆ ಕಾಯುತ್ತ ನಲವತ್ತೈದು ದಿನಗಳಲ್ಲಿ ನಾಲ್ಕು ಮಾತ್ರ ಉಳಿದವು. ಮಾಫಿ ಇಲ್ಲ ಎಂಬ ಉತ್ತರ ಬಂದದ್ದು ಒಂದು ಗುರುವಾರ ಸಂಜೆ, ಬ್ಯಾಂಕು ಮುಚ್ಚಿದ ಮೇಲೆ. ಇನ್ನು ಫೋನಿನಲ್ಲಿ ಒತ್ತುವಂತಿಲ್ಲ, ಬ್ಯಾಂಕಿನ ಖಾತರಿ ಚೆಕ್ಕೇ ಸೋಮವಾರದೊಳಗೆ ಕಂಪನಿಯ ಕೈ ಸೇರಬೇಕು. ಸೇರಬೇಕೆಂದರೆ ಶುಕ್ರವಾರವೇ ಕೊರಿಯರಿಗೆ ಹಾಕಬೇಕು.

ನನ್ನ ಖಾತೆಯಿಂದ ಕೊಡುತ್ತೇನೆ ಎಂದೆ. ಅದಾದರೂ ಆಗಲಿ ಎಂದು ಮನಸ್ಸಿನಲ್ಲಿತ್ತು. ಅಕ್ಕ ಒಪ್ಪಲಿಲ್ಲ. "ನನ್ನ ತಪ್ಪಿಗೆ ನೀನು ಯಾಕೆ ಕೊಡುದು? ನಾನು ಬರ್ತೇನೆ. ಶುಕ್ರವಾರವಾದ್ರೆ ಶುಕ್ರವಾರ."

ಮರುದಿನ ಹತ್ತು ಗಂಟೆಗೆ ನಾವಿಬ್ಬರೂ ಬ್ಯಾಂಕಿನ ಕೌಂಟರಿನ ಮುಂದೆ ನಿಂತಿದ್ದೆವು. ಅಕ್ಕ ತಲೆ ಸ್ನಾನ ಮಾಡಿ, ಒದ್ದೆ ಕೂದಲನ್ನು ಗಂಟು ಹಾಕಿ, ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಸಾವಿರದ ಏಳುನೂರು ಡಾಲರಿನ ಆಸುಪಾಸಿನ ಚೆಕ್ಕು. ಚಕ್ಕುಲಿ, ಕೋಡುಬಳೆ ಮಾಡಿ ಮನೆಮನೆಗೆ ಕೊಟ್ಟು ಗಳಿಸಿದ ದುಡ್ಡು. ಸಹಿ ಹಾಕುವ ಮುನ್ನ ಪೆನ್ನು ಕೆಳಗಿಟ್ಟರು, ಕೈ ಮುಗಿದರು, ಮತ್ತೆ ಎತ್ತಿಕೊಂಡರು. ಚೆಕ್ಕು ಕೈಗೆ ಬಂದಾಗ ಕಣ್ಣಿಗೊತ್ತಿಕೊಂಡು ನನಗೆ ಕೊಟ್ಟರು. ಕೌಂಟರಿನಾಕೆ ಏನಾದರೂ ತೊಂದರೆಯೇ ಎಂದು ನನ್ನನ್ನು ಕೇಳಿದಳು. ಏನಿಲ್ಲ ಎಂದೆ.

ಚೆಕ್ಕು ಸೋಮವಾರ ತಲುಪಿತು, ಮನೆ ಉಳಿಯಿತು. ಅಕ್ಕ ಬದಲಾದರು. "ಇನ್ನು ಒಂದನೇ ತಾರೀಕೇ ಒತ್ತು. ಶುಕ್ರವಾರ, ಮಂಗಳವಾರ ಎಂತದೂ ನೋಡ್ಬೇಡ" ಎಂದರು. ನಾನು ಕೇಳದಿದ್ದರೂ ಒಂದು ಶುಕ್ರವಾರ ಸಂಜೆ ಮೊಸರಿನ ಡಬ್ಬಿ ಕೈಗೆ ಕೊಟ್ಟರು. ಕೊಟ್ಟು ಒಂಥರಾ ನಕ್ಕರು. ನನಗೆ ಆ ಮೊಸರು ತಿನ್ನಲಾಗಲಿಲ್ಲ. ಮಗ ತಿಂದ.

ಸಂಕ್ರಾಂತಿಗೆ ಸರಟೋಗಾದಲ್ಲಿ ಬೆಳಗಾವಿ ಕಡೆಯವರ ಮನೆಯಲ್ಲಿ ಊಟವಿತ್ತು. ಅಡುಗೆ ಅಕ್ಕನದು. ಹುಗ್ಗಿ, ಎಣ್ಣೆಗಾಯಿ, ಸೆಂಗಾ ಹೋಳಿಗೆ, ನಮ್ಮ ಕಡೆಯ ಅಡುಗೆಯನ್ನು ನಮಗಿಂತ ಚೆನ್ನಾಗಿ ಮಾಡಿದ್ದರು. ಊಟವಾಗಿ ಹೆಂಗಸರೆಲ್ಲ ಕುಸುರೆಳ್ಳು ತಿನ್ನುತ್ತ ಹಿತ್ತಲಿನ ಬಿಸಿಲಿಗೆ ಕೂತಿದ್ದಾಗ, ಹೊಸದಾಗಿ ಮನೆ ಕೊಂಡ ಒಬ್ಬಳು ಸಾಲದ ಮಾತೆತ್ತಿದಳು. ಅಕ್ಕ ಸಾಮಾನ್ಯವಾಗಿ ಇಂಥ ಮಾತಿಗೆ ಬಾಯಿ ಹಾಕುವವರಲ್ಲ. ಆವತ್ತು ಹಾಕಿದರು.

"ನನ್ನ ಹಾಗೆ ಮಾಡ್ಬೇಡ ಮಗಾ. ಶುಕ್ರವಾರ ದುಡ್ಡು ಕೊಡುದಿಲ್ಲ ಅಂತ ಕೂತು ಮನೆಯನ್ನೇ ಕಳ್ಕೊಳ್ತಿದ್ದೆ. ಇವಳೊಬ್ಬಳು ಇದ್ದಳು, ಉಳಿಸಿದ್ಳು" ಎಂದು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

ಹುಡುಗಿಯರು ನಕ್ಕರು. "ಆಂಟಿ, ಸೀರಿಯಸ್ಲಿ? ಲೋನ್ ಕಂಪನಿಗೆ ಲಕ್ಷ್ಮಿ ಗೊತ್ತಾ?" ಎಂದಳೊಬ್ಬಳು. ಅಕ್ಕನೂ ತಮ್ಮ ಮೇಲೆ ತಾವೇ ನಕ್ಕರು. ಮನೆಯಾಕೆ ನನ್ನನ್ನು ನೋಡಿ, "ನೀವಿಲ್ಲಾಂದ್ರ ನಮ್ಮ ಮಂದಿ ಗತಿ ಏನ್ರೀ" ಎಂದರು. ನಾನು ಕುಸುರೆಳ್ಳು ಬಾಯಿಗೆ ಹಾಕಿಕೊಂಡು ಮುಗುಳ್ನಕ್ಕೆ. ಮಾಡಿದ ತಪ್ಪಿಗಿಂತ ಆ ಮುಗುಳ್ನಗೆಗೇ ನಾನು ಹೆಚ್ಚು ಹೇಸುತ್ತೇನೆ.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಖಾಲಿ ಪಾತ್ರೆಗಳು ತಟತಟ ಎನ್ನುತ್ತಿದ್ದವು. ಅಕ್ಕ ದಣಿದು ಕಣ್ಣು ಮುಚ್ಚಿದ್ದರು. ಫ್ರೀವೇ ಇಳಿದ ಮೇಲೆ ಸಿಗ್ನಲಿನಲ್ಲಿ ಹೇಳಿಬಿಟ್ಟೆ.

"ಅಕ್ಕಾ, ತಪ್ಪು ಶುಕ್ರವಾರದ್ದಲ್ರಿ. ನಂದು."

ಕಣ್ಣು ತೆಗೆದರು. ಎಲ್ಲ ಹೇಳಿದೆ. ಓದದ ಅರವತ್ತು ಪುಟ, ನೋಡದ ಈಮೇಲು, ನಾಲ್ಕು ತಿಂಗಳು ಒತ್ತಿದ ಹಳೆಯ ಮೊತ್ತ, ಹದಿನೈದು ದಿನ ಮರೆತು ಕೊನೆಯ ಸಂಜೆ ಮಾಡಿದ ಫೋನು, ಸಿಟ್ಟಿನಲ್ಲಿ ಕಳೆದ ನಲವತ್ತೈದು ದಿನ. ಹಿಂದಿನ ಕಾರಿನವರು ಹಾರ್ನ್ ಹೊಡೆದರು, ಸಿಗ್ನಲು ಹಸಿರಾಗಿತ್ತು. ಪಾರ್ಕಿನ ಗೇಟು, ಒಳಗಿನ ನಾಲ್ಕು ರಸ್ತೆ ಉಬ್ಬುಗಳನ್ನು ದಾಟಿ ಅವರ ಮನೆಯ ಮುಂದೆ ನಿಲ್ಲಿಸಿದೆ. ಬೈಯಲಿ ಎಂದು ಕಾದೆ. ದುಡ್ಡು ಕೇಳಲಿ ಎಂದೂ ಕಾದೆ, ಕೇಳಿದ್ದರೆ ಎರಡರಷ್ಟು ಕೊಡುತ್ತಿದ್ದೆ.

ಅವರು ಬೆಲ್ಟು ಬಿಚ್ಚುತ್ತ ಕೇಳಿದರು: "ಹಾಗಾದ್ರೆ ಶುಕ್ರವಾರ ನಿಂಗೆ ಎಂತ ಮಾಡಿತ್ತು?"

ನಾನು ಎಂಜಿನ್ ಆರಿಸಿದೆ.

"ಮೂರು ತಿಂಗಳು ದೀಪ ಇಡುವಾಗ ಲಕ್ಷ್ಮಿಯ ಮುಖ ನೋಡ್ಲಿಲ್ಲ ನಾನು. ನಿನ್ನ ವಾರ ಕಾದದ್ದಕ್ಕೆ ಮನೆ ಬೀದಿಗೆ ತಂದೆ ಅಂತ ಅವಳ ಮೇಲೆ ಸಿಟ್ಟಾಗಿದ್ದೆ. ಇವರು ನಡೆಸಿಕೊಂಡು ಬಂದದ್ದು ಅದೊಂದೇ ಉಳಿದಿತ್ತು. ಅದನ್ನೂ ಬಿಟ್ಟೆ. ಇವತ್ತು ಅಷ್ಟು ಜನರ ಎದುರು ನಗಾಡಿದೆ." ಕಾರಿನ ಬಾಗಿಲು ತೆಗೆದು, "ಶನಿವಾರ ಆ ಗಂಟು ತಕೊಂಡು ಬಾ" ಎಂದರು.

ಶನಿವಾರ ಗಂಟು ಒಯ್ದೆ. ಅಕ್ಕ ಕನ್ನಡಕ ಹಾಕಿಕೊಂಡು, ನೋಟುಬುಕ್ಕು ತೆರೆದು ಕೂತಿದ್ದರು. ಪತ್ರಗಳು ಮತ್ತೆ ಅಂಚೆಯಲ್ಲಿ ಅವರ ಮನೆಗೇ ಬರುವಂತೆ ಮಾಡಿಸಿದರು. ಯಾವ ಗುಂಡಿ ಒತ್ತಬೇಕು, ಮೊತ್ತ ಎಲ್ಲಿ ಕಾಣುತ್ತದೆ, ಪೈಸೆಯವರೆಗೂ ಸರಿಯಿರಬೇಕೇ, ಕಡಿಮೆ ಬಿದ್ದರೆ ಆ ದುಡ್ಡನ್ನು ಎಲ್ಲಿ ಇಡುತ್ತಾರೆ, ಒತ್ತಿದ ದಿನ ಲೆಕ್ಕವೋ ಸೇರಿದ ದಿನ ಲೆಕ್ಕವೋ, ಒಂದೊಂದೇ ಕೇಳಿ ಕನ್ನಡದಲ್ಲಿ ಬರೆದುಕೊಂಡರು. ಇಷ್ಟು ಪ್ರಶ್ನೆಗಳನ್ನು, ಗಂಟು ಮೊದಲು ಕೈಗೆ ಬಂದಾಗ, ನಾನು ಒಬ್ಬರನ್ನೂ ಕೇಳಿರಲಿಲ್ಲ.

"ಎಲ್ಲ ಸಾಲ ಮೊದಲೇ ತೀರಿಸಿದ್ರೆ ದಂಡ ಉಂಟಾ?"

"ಇಲ್ರಿ" ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ಗೊತ್ತಿಲ್ರಿ ಅಕ್ಕಾ. ಓದಿ ಹೇಳ್ತೀನಿ."

ಅಲ್ಲೇ ಕೂತು ಮೊದಲ ಪುಟದಿಂದ ಓದಿದೆ. ಎರಡೂವರೆ ತಾಸು ಹಿಡಿಯಿತು. ಅಕ್ಕ ಅಡುಗೆಮನೆಯಲ್ಲಿ ಸದ್ದಿಲ್ಲದೆ ಏನೋ ಹೆಚ್ಚುತ್ತಿದ್ದರು. ನಲವತ್ತೊಂದನೆಯ ಪುಟದಲ್ಲಿ ಸಿಕ್ಕಿತು: ಮೊದಲ ಮೂರು ವರ್ಷದಲ್ಲಿ ತೀರಿಸಿದರೆ ದಂಡವಿತ್ತು, ಆ ಮೂರು ವರ್ಷ ಎಂದೋ ಕಳೆದಿದೆ, ಈಗ ಇಲ್ಲ. ಹೇಳಿದೆ. ಪುಟದ ಸಂಖ್ಯೆ ಕೇಳಿ ಅದನ್ನೂ ಬರೆದುಕೊಂಡರು.

ಈ ವರ್ಷ ಮೇ ಒಂದನೇ ತಾರೀಕು ಶುಕ್ರವಾರ ಬಂತು. ಹಿಂದಿನ ದಿನ ಗುರುವಾರ ಮಧ್ಯಾಹ್ನ ನನ್ನ ಫೋನಿಗೆ ಅಕ್ಕನಿಂದ ಒಂದು ಫೋಟೋ ಬಂತು. ಕಂತು ಸೇರಿದೆ ಎಂಬ ಪರದೆಯ ಫೋಟೋ, ಮೊತ್ತ ಪೈಸೆಯವರೆಗೂ ಸರಿಯಾಗಿತ್ತು. ಕೆಳಗೆ ಏನೂ ಬರೆದಿರಲಿಲ್ಲ.

ಮರುದಿನ ಸಂಜೆ ಮಗನನ್ನು ಕರೆದುಕೊಂಡು ಊಟಕ್ಕೆ ಹೋದೆ. ಊಟಕ್ಕೆ ಕರೆಯುವುದನ್ನು ಅವರು ನಿಲ್ಲಿಸಿಲ್ಲ, ಕಾಗದ ಓದಲು ಮಾತ್ರ ಕರೆಯುವುದಿಲ್ಲ. ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು, ಹಸಿರು ಗಂಟು ಅದರ ಜಾಗಕ್ಕೆ ಮರಳಿತ್ತು. ಹೊರಡುವಾಗ ಬೇಕೆಂದೇ ಕೇಳಿದೆ: "ಅಕ್ಕಾ, ಹೆಪ್ಪಿಗೆ ಒಂದ್ ಚಮಚಾ ಮೊಸರು ಕೊಡ್ತೀರೇನ್ರಿ?"

"ನಾಳೆ ಬಾ" ಎಂದರು.

ಮಾರಾಯ್ತಿ ಎನ್ನಲಿಲ್ಲ. ಸಂಕ್ರಾಂತಿಯಿಂದೀಚೆ ಅಂದಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಜಗಲಿ ಇಳಿದೆ.